ಸಾಣೆಯ ಧೂಳೂ ಹೀರುಬಾಯಿಯೂ

ಉಕ್ಕನ್ನು ಸಾಣೆಚಕ್ರಕ್ಕೆ ಒತ್ತಿದೊಡನೆ ಕಿಡಿಗಳು ಹೂಬಾಣದಂತೆ ಚಿಮ್ಮುತ್ತವೆ. ನೋಡುವವರ ಗಮನವೆಲ್ಲ ಅವುಗಳ ಮೇಲೆ. ಆದರೆ ಕೆಲಸಗಾರನ ಶ್ವಾಸಕೋಶವನ್ನು ಕೆಡಿಸುವುದು ಕಿಡಿಗಳಲ್ಲ; ಅವುಗಳ ಜೊತೆಗೇ ಏಳುವ, ಕಣ್ಣಿಗೆ ಕಾಣದ ನುಣುಪಾದ ಧೂಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಮರಳುಗಲ್ಲಿನ ಚಕ್ರಗಳ ಮೇಲೆ, ನೀರು ಸೋಕಿಸದೆ, ಮುಳ್ಳುಚಮಚಗಳಿಗೆ ಸಾಣೆ ಹಿಡಿಯುತ್ತಿದ್ದವರಲ್ಲಿ ಅನೇಕರು ಈ ಧೂಳಿನಿಂದಲೇ ಉಬ್ಬಸಪಟ್ಟು ಅಕಾಲಮರಣಕ್ಕೆ ತುತ್ತಾದರು.

ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಗಾತ್ರದ ಕಬ್ಬಿಣದ ಕಣವು 1.5 ಮೀಟರು ಎತ್ತರದಿಂದ ಒಂದೆರಡು ಸೆಕೆಂಡುಗಳಲ್ಲಿ ನೆಲವನ್ನು ಸೇರುತ್ತದೆ. ಸಾವಿರದ ಒಂದು ಭಾಗದಷ್ಟು ಗಾತ್ರದ ಕಣವಾದರೋ ನಿಶ್ಚಲವಾದ ಗಾಳಿಯಲ್ಲಿಯೂ ಸುಮಾರು ಒಂದೂವರೆ ಗಂಟೆ ತೇಲುತ್ತಿರುತ್ತದೆ. ಗಾಳಿ ಹೋದತ್ತ ಅದರ ಪಯಣ. ಆದುದರಿಂದ ಈ ಧೂಳನ್ನು ಹಿಡಿಯಬೇಕಾದರೆ ಅದನ್ನು ಹೊತ್ತ ಗಾಳಿಯನ್ನೇ ಹಿಡಿಯಬೇಕು.

ಹಾಗಾದರೆ ಚಾವಣಿಯಲ್ಲಿ ದೊಡ್ಡದೊಂದು ಫ್ಯಾನನ್ನು ಕೂಡಿಸಿದರೆ ಸಾಲದೆ? ಸಾಲದು. ಧೂಳು ಅಲ್ಲಿಗೆ ಏರುವ ದಾರಿಯಲ್ಲಿಯೇ ಕೆಲಸಗಾರನ ಮೂಗಿದೆ. ಅದೂ ಅಲ್ಲದೆ, ದೂರದಿಂದ ಹೀರುವುದು ವ್ಯರ್ಥಪ್ರಯತ್ನ. ಉರಿಯುವ ದೀಪವನ್ನು ಒಂದು ಗೇಣು ದೂರದಿಂದ ಊದಿ ಆರಿಸಬಹುದು; ಅಷ್ಟೇ ದೂರದಿಂದ ಉಸಿರನ್ನು ಒಳಕ್ಕೆಳೆದು ಆರಿಸಲಾಗದು. ಊದಿದ ಗಾಳಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಹೀರಿದ ಗಾಳಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಹೀರುವ ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರ ಸರಿದರೆ ಸಾಕು, ಗಾಳಿಯ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಊದಿದ ಗಾಳಿ ಅಷ್ಟು ಕುಗ್ಗಬೇಕಾದರೆ ವ್ಯಾಸದ ಸುಮಾರು 30ರಷ್ಟು ದೂರ ಸಾಗಬೇಕು.

ಆದುದರಿಂದ ಹೀರುಬಾಯಿಯು ಧೂಳು ಹುಟ್ಟುವ ಜಾಗದಲ್ಲಿಯೇ ಇರತಕ್ಕದ್ದು. ಚಕ್ರಕ್ಕೆ ಲೋಹದ ಕವಚ ತೊಡಿಸಿ, ಕೆಲಸಕ್ಕೆ ಬೇಕಾದಷ್ಟೇ ತೆರವು ಬಿಟ್ಟು, ಕಿಡಿಗಳು ಹಾರುವ ದಿಕ್ಕಿನಲ್ಲಿ ಕೊಳವೆಯನ್ನು ಜೋಡಿಸಬೇಕು. ಲೋಹದ ಧೂಳು ಕೊಳವೆಯಲ್ಲಿ ತಂಗದಿರಲು ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರು ಇರಬೇಕು. ಧೂಳನ್ನು ಸೋಸಿದ ಮೇಲೆಯೇ ಆ ಗಾಳಿಯನ್ನು ಹೊರಬಿಡಬೇಕು. ಭಾರತದ 1948ರ ಕಾರ್ಖಾನೆ ಕಾಯಿದೆಯೂ, ಧೂಳನ್ನು ಅದು ಹುಟ್ಟುವೆಡೆಗೆ ಸಾಧ್ಯವಾದಷ್ಟು ಸಮೀಪದಲ್ಲಿ ಹೀರಬೇಕೆಂದೂ ಆ ಸ್ಥಳವನ್ನು ಸಾಧ್ಯವಾದಷ್ಟು ಮುಚ್ಚಬೇಕೆಂದೂ ವಿಧಿಸಿತ್ತು.

ವ್ಯವಸ್ಥೆ ಸರಿಯಾಗಿದೆಯೆ ಎಂಬುದರ ಮೊದಲ ಪರೀಕ್ಷೆಗೆ ದುಬಾರಿ ಉಪಕರಣವೇನೂ ಬೇಕಿಲ್ಲ. ಒಂದು ಊದುಕಡ್ಡಿಯನ್ನು ಹೊತ್ತಿಸಿ, ತಿರುಗುತ್ತಿರುವ ಚಕ್ರದ ತೆರವಿನ ಬಳಿ ಎಚ್ಚರದಿಂದ ಹಿಡಿಯಿರಿ. ಹೊಗೆಯೆಲ್ಲವೂ ಕವಚದೊಳಕ್ಕೆ ಹೋಗಬೇಕು. ಅದರ ಒಂದೆಳೆ ಕೆಲಸಗಾರನ ಮುಖದತ್ತ ತಿರುಗಿದರೂ ಫ್ಯಾನಿನ ಸದ್ದನ್ನು ನಂಬಿ ಸುಮ್ಮನಿರಬಾರದು. ಧೂಳು ಹಿಡಿಯುವುದೂ ಅದೇ ದಾರಿಯನ್ನು.