ಕಿತ್ತಳೆ ಅಂಚಿನ ಕೊಳ, ಹೊಳೆದಂಡೆಯ ಸೊಪ್ಪು

ನ್ಯೂಜಿಲೆಂಡ್‌ನ ವೈಒಟಾಪುವಿಗೆ ಹೋದ ಪ್ರವಾಸಿಗರು ಶಾಂಪೇನ್ ಪೂಲ್ ಎಂಬ ಬಿಸಿನೀರ ಕೊಳದ ಫೋಟೊ ತೆಗೆಯದೆ ವಾಪಸಾಗುವುದಿಲ್ಲ. ಸುಮಾರು 65 ಮೀಟರ್ ಅಗಲ, 74 ಡಿಗ್ರಿ ಸೆಲ್ಸಿಯಸ್ ಬಿಸಿ, ಬಿಡುವಿಲ್ಲದೆ ಏಳುವ ಗುಳ್ಳೆಗಳು. ಸುತ್ತಲೂ ಕಣ್ಣು ಕುಕ್ಕುವ ಕಿತ್ತಳೆ ಅಂಚು. ಭೂಮಿಯೊಳಗೆ ಕಾದ ನೀರು ಬಂಡೆಗಳಿಂದ ಕರಗಿಸಿ ತಂದ ಆರ್ಸೆನಿಕ್ ಮತ್ತು ಆಂಟಿಮನಿ ಗಂಧಕದೊಡನೆ ಕೂಡಿ ಅಲ್ಲಿ ಮಡ್ಡಿಗಟ್ಟಿವೆ. ಆಯುರ್ವೇದದವರು ಬಲ್ಲ ಹರಿತಾಳಕ್ಕೆ ಇದು ಹತ್ತಿರದ ನೆಂಟ.

ಇಂಥ ನೀರಿನಲ್ಲೂ ಸಂಸಾರ ಹೂಡಿದವರಿದ್ದಾರೆ. ವೆನೆನಿವಿಬ್ರಿಯೊ ಎಂಬ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಈ ಕೊಳದಿಂದಲೇ ಬೇರ್ಪಡಿಸಿ 2008ರಲ್ಲಿ ವಿವರಿಸಿದರು. ಜಲಜನಕವೇ ಅದರ ಇಂಧನ. ಆರ್ಸೆನಿಕ್ಕಿನ ವಿಷಕ್ಕೆ ಅದು ಸೊಪ್ಪು ಹಾಕುವುದಿಲ್ಲ.

ನನ್ನ ಮಟ್ಟಿಗೆ ಕೊಳ ಅಂಥ ಅಪಾಯಕಾರಿಯಲ್ಲ. ಅಷ್ಟು ಬಿಸಿ, ಅಷ್ಟು ಬಣ್ಣ, ಮೇಲೆ ಗಂಧಕದ ನಾತ, ಯಾರೂ ಬೊಗಸೆಯೊಡ್ಡುವುದಿಲ್ಲ. ಭಯಪಡಬೇಕಾದದ್ದು ಅದೇ ಸೀಮೆಯ ತಣ್ಣನೆಯ ವೈಕಾಟೊ ನದಿಗೆ. 425 ಕಿ.ಮೀ. ಉದ್ದದ ಈ ನದಿಗೆ ಬಿಸಿನೀರ ಬುಗ್ಗೆಗಳಿಂದ ಆರ್ಸೆನಿಕ್ ಸೇರುತ್ತಲೇ ಇತ್ತು. 1958ರಲ್ಲಿ ಶುರುವಾದ ವೈರಾಕೈ ಭೂಶಾಖ ವಿದ್ಯುತ್ ಸ್ಥಾವರ ಬಿಟ್ಟ ನೀರು ಅದನ್ನು ಇನ್ನಷ್ಟು ಹೆಚ್ಚಿಸಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನದಿ ಆ ಗೆರೆಯನ್ನು ದಾಟುತ್ತದೆ. ಹ್ಯಾಮಿಲ್ಟನ್ ನಗರ ಈ ನೀರನ್ನು ಶುದ್ಧೀಕರಿಸಿಯೇ ನಲ್ಲಿಗೆ ಬಿಡುತ್ತದೆ.

ಆದರೆ ಹೊಳೆಯೊಳಗೇ ಬೆಳೆಯುವ ಗಿಡಕ್ಕೆ ಶುದ್ಧೀಕರಣ ಘಟಕ ಎಲ್ಲಿಂದ ಬರಬೇಕು? ಆರ್ಸೆನಿಕ್ಕಿನ ಒಂದು ರೂಪವಾದ ಆರ್ಸೆನೇಟ್ ಫಾಸ್ಫೇಟನ್ನು ಹೋಲುತ್ತದೆ. ಗಿಡ ಪೋಷಕಾಂಶವೆಂದು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಹಾರ್ನ್‌ವರ್ಟ್‌ನಂಥ ಜಲಸಸ್ಯಗಳ ಒಣ ತೂಕದ ಪ್ರತಿ ಕಿಲೊದಲ್ಲಿ ನೂರಾರು ಮಿಲಿಗ್ರಾಂ ಆರ್ಸೆನಿಕ್ ಸಿಕ್ಕಿದೆ. ಅಚ್ಚರಿಯೆಂದರೆ, ಅದೇ ಸೀಮೆಯ ನೆಲದ ಮೇಲಿನ ಗಿಡಗಳಲ್ಲಿ ಇದು ತೀರ ಕಡಿಮೆ.

ಹಾರ್ನ್‌ವರ್ಟನ್ನು ಯಾರೂ ತಿನ್ನುವುದಿಲ್ಲ, ಸರಿ. ವಾಟರ್‌ಕ್ರೆಸ್ ಎಂಬ ಸೊಪ್ಪು ಹಾಗಲ್ಲ. ನಮ್ಮವರು ಗದ್ದೆಬದುವಿನಿಂದ ಒಂದೆಲಗ ಕಿತ್ತು ತರುವಂತೆ ಅಲ್ಲಿನ ಮೂಲನಿವಾಸಿ ಮಾವೊರಿಗಳು ಹೊಳೆದಂಡೆಯಿಂದ ಇದನ್ನು ಕೊಯ್ದು ತಂದು, ಹಂದಿಮಾಂಸ, ಆಲೂಗಡ್ಡೆ ಜತೆ ಬೇಯಿಸುತ್ತಾರೆ. ಈ ಸೊಪ್ಪಿನಲ್ಲೂ ಆರ್ಸೆನಿಕ್ ತುಂಬಿಕೊಳ್ಳುತ್ತದೆ. ಹಾಗಾಗಿಯೇ ವೈಕಾಟೊ ದಂಡೆಯ ವಾಟರ್‌ಕ್ರೆಸ್ ತಿನ್ನಬೇಡಿ ಎಂದು ಸಂಶೋಧಕರು ಹೇಳಿದ್ದು. ಎಲೆಯ ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ಸುಳಿವು ಸಿಗದು. ಬೇಯಿಸಿದರೂ ಆರ್ಸೆನಿಕ್ ನಾಶವಾಗದು.

ಹಾಗಾದರೆ ಈ ಗಿಡಗಳಿಂದಲೇ ನೀರನ್ನು ಶುದ್ಧ ಮಾಡಿಸಬಾರದೇಕೆ ಎಂಬ ಯೋಚನೆಯೂ ಬಂದಿದೆ. ಹೀರಿಕೊಳ್ಳುವ ಕೆಲಸವನ್ನು ಅವು ಮಾಡಿಯಾವು. ಆದರೆ ಕಿತ್ತ ರಾಶಿಯನ್ನು ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ, ದನಕ್ಕೂ ಹಾಕುವಂತಿಲ್ಲ.