ಮಾನಸಿಕ ಅಸ್ವಸ್ಥರ ವಸತಿ ಕೇಂದ್ರಗಳಲ್ಲಿ ಪಾದಗಳ ಆರೈಕೆ

ಮಂಗಳೂರು ನಗರದ ಅಂಚಿನಲ್ಲಿರುವ ಗ್ರಾಮ ಪಂಚಾಯತ್‌ಗಳ ಮಾನ್ಯ ಸದಸ್ಯರು ತಮ್ಮ ವ್ಯಾಪ್ತಿಯ ವಸತಿ ಕೇಂದ್ರಗಳಿಗೆ ಭೇಟಿ ನೀಡಿದಾಗ ಅಡುಗೆಮನೆ, ಶೌಚಾಲಯ, ಹಾಸಿಗೆಗಳನ್ನು ಪರಿಶೀಲಿಸುವುದು ವಾಡಿಕೆ. ಮಾನಸಿಕ ಅಸ್ವಸ್ಥರು ವಾಸಿಸುವ ಕೇಂದ್ರವಾದರೆ ಅವರ ಪಾದಗಳ ಬಗೆಗೂ ವಿಚಾರಿಸುವುದು ಅವಶ್ಯ.

ದೀರ್ಘಕಾಲದ ಸ್ಕಿಜೋಫ್ರೀನಿಯಾ ಇರುವವರಲ್ಲಿ ಸ್ವಂತ ಶುಚಿತ್ವದ ಆಸಕ್ತಿ ಕುಂದಬಹುದು. ನೋವನ್ನು ಹೇಳಿಕೊಳ್ಳುವುದೂ ಕಡಿಮೆಯಾಗಬಹುದು. ಒಲಾಂಜಪಿನ್, ಕ್ಲೋಜಪಿನ್ ಮುಂತಾದ ಔಷಧಗಳು ದೇಹತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಹಾಗೆಂದು ಔಷಧವನ್ನು ನಿಲ್ಲಿಸುವಂತಿಲ್ಲ. ಅದರೊಂದಿಗೆ ಸಕ್ಕರೆಯ ಪರೀಕ್ಷೆ ನಡೆಯಬೇಕು. ಮಧುಮೇಹ ಹಳೆಯದಾದಂತೆ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ ಅರಿವಾಗದು. ಗಾಯ ಕೀವುಗಟ್ಟಿ ಮೂಳೆಯವರೆಗೆ ಇಳಿದರೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದೀತು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಬೆರಳುಗಳ ಸಂದು ಒಣಗದೆ ಕೆಸರುಹುಣ್ಣಾಗುತ್ತದೆ. ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ ಒಡೆದ ಹಿಮ್ಮಡಿಯ ಮೂಲಕ ಇಲಿಜ್ವರದ ರೋಗಾಣು ದೇಹವನ್ನು ಸೇರಬಹುದು.

ಸ್ಪರ್ಶ ಕಳೆದುಕೊಂಡ ಪಾದದ ಆರೈಕೆ ಮಂಗಳೂರಿಗೆ ಹೊಸತಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಸಂಸ್ಥೆಯು ಮುಂದೆ ಕುಷ್ಠರೋಗಿಗಳಿಗೂ ಆಶ್ರಯ ನೀಡಿತು. ಕುಷ್ಠರೋಗ ಕಾರ್ಯಕ್ರಮದಲ್ಲಿ ವಿತರಿಸಲಾಗುವ ಎಂ.ಸಿ.ಆರ್. ಪಾದರಕ್ಷೆ, ಅಂದರೆ ಮೆತ್ತನೆಯ ರಬ್ಬರ್ ಅಟ್ಟೆಯ ಚಪ್ಪಲಿ, ಮಧುಮೇಹಿಗಳಿಗೂ ಉಪಯುಕ್ತ. ಚಪ್ಪಲಿ ಕಳೆದುಹೋಗುತ್ತದೆಂಬ ಕಾರಣಕ್ಕೆ ನಿವಾಸಿಗಳನ್ನು ಬರಿಗಾಲಲ್ಲಿ ಇರಿಸುವುದು ತಪ್ಪು ಲೆಕ್ಕಾಚಾರ. ಒಂದು ಜೊತೆ ಚಪ್ಪಲಿಯ ಬೆಲೆ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಸಮನಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹೊತ್ತಿದಾಗ, ಸರಪಳಿಯಿಂದ ಬಂಧಿತರಾಗಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಮೃತಪಟ್ಟರು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 95ನೇ ಪ್ರಕರಣವು ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. 20ನೇ ಪ್ರಕರಣವು ಸುರಕ್ಷಿತ, ಸ್ವಚ್ಛ ಪರಿಸರದಲ್ಲಿ ವಾಸಿಸುವ ಹಕ್ಕನ್ನು ನೀಡಿದೆ. ಕಣಕಾಲಿನ ಸುತ್ತ ಕಪ್ಪುಗಟ್ಟಿದ ಗೆರೆ ಕಂಡುಬಂದಲ್ಲಿ ಅದರ ಕಾರಣವನ್ನು ಕೇಳಲೇಬೇಕು.

ಸದಸ್ಯರು ಯಾರ ಕಾಲನ್ನೂ ಮುಟ್ಟಿ ಪರೀಕ್ಷಿಸಬೇಕಾಗಿಲ್ಲ. ಸಿಬ್ಬಂದಿಯು ನಿವಾಸಿಯ ಒಪ್ಪಿಗೆ ಪಡೆದು ಪ್ರತಿದಿನ ಪಾದಗಳನ್ನು ತೊಳೆಸಿ, ಒರೆಸಿ, ನೋಡಿ ಬರೆದಿಡುವ ಪುಸ್ತಕವಿದೆಯೇ, ಉಗುರನ್ನು ನೇರವಾಗಿ ಕತ್ತರಿಸಲಾಗುತ್ತಿದೆಯೇ ಎಂದು ವಿಚಾರಿಸಿದರೆ ಸಾಕು. ಸ್ನಾನಗೃಹದ ನೆಲದಲ್ಲಿ ಒಂದು ಚೊಂಬು ನೀರು ಸುರಿದು ನೋಡಬಹುದು. ಅದು ನಿಂತರೆ ಇಳಿಜಾರು ಸರಿಯಿಲ್ಲವೆಂದೇ ಅರ್ಥ. 2016ರ ಅಧಿನಿಯಮದಲ್ಲಿ ಮಾನಸಿಕ ಅಸ್ವಸ್ಥತೆಯೂ ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. ಆದುದರಿಂದ ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ನಿಧಿಯಿಂದ ಅರ್ಹ ನಿವಾಸಿಗಳಿಗೆ ಪಾದರಕ್ಷೆ ಒದಗಿಸುವ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಬಹುದು.

ಪಾದ ಊದಿಕೊಂಡು ಬಿಸಿಯಾಗಿದ್ದರೆ, ಬೆರಳು ಕಪ್ಪಾಗಿದ್ದರೆ ಅಥವಾ ಗಾಯದಿಂದ ದುರ್ವಾಸನೆ ಬರುತ್ತಿದ್ದರೆ ಮುಂದಿನ ಶಿಬಿರದವರೆಗೆ ಕಾಯದೆ, ಅದೇ ದಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವಂತೆ ಕೇಂದ್ರದವರಿಗೆ ತಿಳಿಸತಕ್ಕದ್ದು.