ಪಟೇಲರ ನೆರಳಲ್ಲಿ ತೊಮ್ಮಿ

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಂಥ ತುಂಗಭದ್ರೆಯ ದಂಡೆಯ ಊರವರಿಗೆ ಗೌಡರ ವಾಡೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಪಟೇಲಕಿ, ಶಾನುಭೋಗಿಕೆಯಂಥ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಮನಸ್ಸಿನೊಳಗಿನ ಅಂಜಿಕೆ ಅಷ್ಟು ಬೇಗ ಹೋಗಲಿಲ್ಲ. ಆ ಅಂಜಿಕೆಯನ್ನು ನಾನು ಕಂಡಷ್ಟರಲ್ಲಿ ಎಲ್ಲಕ್ಕಿಂತ ಆಳವಾಗಿ ಹಿಡಿದ ಸಿನಿಮಾ ಮಲಯಾಳದ್ದು. ಅದರ ಕಥೆ ಮಾತ್ರ ನಮ್ಮ ದಕ್ಷಿಣ ಕನ್ನಡದ ನೆಲದ್ದು.

ಪೌಲ್ ಸಕ್ಕರಿಯಾ ಅವರ ಕಿರುಕಾದಂಬರಿ ಆಧರಿಸಿ ಅಡೂರು ಗೋಪಾಲಕೃಷ್ಣನ್ 1993ರಲ್ಲಿ ‘ವಿಧೇಯನ್’ ಮಾಡಿದರು. ಅಧಿಕಾರ ಹೋದರೂ ದರ್ಪ ಬಿಡದ ಭಾಸ್ಕರ ಪಟೇಲರಾಗಿ ಮಮ್ಮೂಟ್ಟಿ, ಹೊಟ್ಟೆಪಾಡಿಗೆ ಕೇರಳದಿಂದ ಬಂದ ಕ್ರೈಸ್ತ ಕೂಲಿ ತೊಮ್ಮಿಯಾಗಿ ಎಂ.ಆರ್. ಗೋಪಕುಮಾರ್. ಪಟೇಲ ತೊಮ್ಮಿಯ ಮೇಲೆ ಉಗುಳುತ್ತಾನೆ, ಒದೆಯುತ್ತಾನೆ, ಅವನ ಹೆಂಡತಿ ಓಮನಾಳ ಮೇಲೆ ಕೈಮಾಡುತ್ತಾನೆ. ತೊಮ್ಮಿ ಮೊದಮೊದಲು ಕುದಿಯುತ್ತಾನೆ. ಕೆಲದಿನ ಕಳೆದ ಮೇಲೆ ಹೆಂಡತಿಯ ಮೈಗೆ ಅಂಟಿದ ಪಟೇಲರ ಅತ್ತರಿನ ವಾಸನೆ ಅವನಿಗೆ ಹಿತವಾಗತೊಡಗುತ್ತದೆ! ಎಷ್ಟು ಸಲ ನೋಡಿದರೂ ಇಲ್ಲಿ ಎದೆ ಝಲ್ಲೆನ್ನುತ್ತದೆ. ಒದೆ ತಿಂದವನು ಒದೆಯುವ ಕಾಲನ್ನೇ ಹೇಗೆ ಪ್ರೀತಿಸಲು ಕಲಿಯುತ್ತಾನೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಅಬ್ಬರಿಸುವ ಖಳನಾಯಕ, ಕೊನೆಗೆ ಸೇಡು ತೀರಿಸುವ ನಾಯಕ, ಇಬ್ಬರೂ ಇಲ್ಲಿಲ್ಲ.

ಪಟೇಲರ ಮಲಯಾಳದಲ್ಲಿ ಕನ್ನಡದ ಸೊಗಡು ದಟ್ಟವಾಗಿದೆ. ಗಡಿಯ ಜನ ಹೇಗೆ ಮಾತಾಡುತ್ತಾರೋ ಹಾಗೇ ಬಿಟ್ಟಿದ್ದಾರೆ, ತಿದ್ದಿ ಶುದ್ಧ ಮಾಡಲು ಹೋಗಿಲ್ಲ. ಸಂಗೀತ ಕೂಡ ನಮ್ಮವರದೇ. ‘ನಾಗರಹಾವು’ ಚಿತ್ರದ ಹಾಡುಗಳನ್ನು ಮನೆಮಾತಾಗಿಸಿದ ವಿಜಯಭಾಸ್ಕರ್ ಇಲ್ಲಿ ಹಾಡೇ ಇಲ್ಲದ ಚಿತ್ರಕ್ಕೆ ನಾದ ಕೊಟ್ಟಿದ್ದಾರೆ. ಅಡೂರರ ‘ಮತಿಲುಗಳ್’, ‘ಕಥಾಪುರುಷನ್’ ಚಿತ್ರಗಳಿಗೂ ಅವರದೇ ಸಂಗೀತ. ಕನ್ನಡದಲ್ಲಿ ಈ ಸಂಗತಿಯನ್ನು ನೆನೆಯುವವರು ಕಡಿಮೆ. ಅದು ನನಗೆ ಬೇಸರದ ವಿಷಯ.

ಇಂಥ ಚಿತ್ರ ಗಾಳಿಯಲ್ಲಿ ಹುಟ್ಟಲಿಲ್ಲ. ರಾಮು ಕಾರ್ಯಾಟ್ ಅವರ ‘ಚೆಮ್ಮೀನ್’ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದದ್ದೂ, ಅಡೂರು ಮತ್ತು ಗೆಳೆಯರು ತಿರುವನಂತಪುರದಲ್ಲಿ ‘ಚಿತ್ರಲೇಖ’ ಫಿಲ್ಮ್ ಸೊಸೈಟಿ ಕಟ್ಟಿದ್ದೂ 1965ರ ಆಸುಪಾಸಿನಲ್ಲಿ. ಕೇರಳದ ಊರೂರುಗಳಲ್ಲಿ ಬೆಳೆದ ಇಂಥ ಸೊಸೈಟಿಗಳು ಜಗತ್ತಿನ ಒಳ್ಳೆಯ ಸಿನಿಮಾ ತೋರಿಸಿ ನೋಡುಗರನ್ನು ತಯಾರು ಮಾಡಿದವು. ಸಾಹಿತಿಗಳೂ ಜೊತೆಗೂಡಿದರು. ಎಂ.ಟಿ. ವಾಸುದೇವನ್ ನಾಯರ್ ತಾವೇ ‘ನಿರ್ಮಾಲ್ಯಂ’ ನಿರ್ದೇಶಿಸಿದರು.

ಅಲ್ಲಿ ಜನಪ್ರಿಯ ಚಿತ್ರಕ್ಕೂ ಕಥೆಯೇ ಬೆನ್ನೆಲುಬು. 1993ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ‘ವಿಧೇಯನ್’ ಮತ್ತು ‘ಪೊಂತನ್ ಮಾಡ’ಗಾಗಿ ಮಮ್ಮೂಟ್ಟಿ ಶ್ರೇಷ್ಠ ನಟನಾದರೆ, ‘ಮಣಿಚಿತ್ರತ್ತಾಳ್’ಗಾಗಿ ಶೋಭನಾ ಶ್ರೇಷ್ಠ ನಟಿ. ‘ಮಣಿಚಿತ್ರತ್ತಾಳ್’ ಕಥೆಯನ್ನೇ 2004ರಲ್ಲಿ ನಾವು ‘ಆಪ್ತಮಿತ್ರ’ ಎಂದು ನೋಡಿದ್ದು, ಸೌಂದರ್ಯ ಅವರ ನಾಗವಲ್ಲಿಗೆ ಮೈನವಿರೇಳಿಸಿಕೊಂಡದ್ದು. ‘ವಿಧೇಯನ್’ ಮಾತ್ರ ಕನ್ನಡಕ್ಕೆ ಬರಲಿಲ್ಲ. ಮೂಲದಲ್ಲೇ ನೋಡಿ, ಪಟೇಲ ಬಾಯಿಬಿಟ್ಟಾಗ ಅರ್ಧ ಮಾತು ನಿಮಗೆ ತಾನಾಗಿಯೇ ತಿಳಿಯುತ್ತದೆ.